ಮಂಡಿಯೂರದೆ ಕಿಲ್ಟ್ ಇಲ್ಲ

ಒನೆಹುಂಗಾ ಎಂಬ ಈ ಪರದೇಶದ ಊರಿನ ನಮ್ಮ ಅಂಗಡಿಯಲ್ಲಿ ನನ್ನ ಮುಂದೆ ಮಂಡಿಯೂರಿದವರಲ್ಲಿ ಬ್ಯಾಂಕ್ ಮ್ಯಾನೇಜರುಗಳಿದ್ದಾರೆ, ಹೈಸ್ಕೂಲಿನ ಹೆಡ್ಮಾಸ್ತರುಗಳಿದ್ದಾರೆ, ಒಬ್ಬ ನಿವೃತ್ತ ನ್ಯಾಯಾಧೀಶರಿದ್ದಾರೆ, ಚುನಾವಣೆಗೆ ನಿಂತು ಗೆದ್ದವರೂ ಸೋತವರೂ ಇದ್ದಾರೆ. ಯಾರೂ ಭಕ್ತಿಯಿಂದ ಊರಿದವರಲ್ಲ. ಕಿಲ್ಟ್ ಬೇಕೆಂದರೆ ಬೇರೆ ದಾರಿಯಿಲ್ಲ ಎಂದು ಊರಿದರು. ಗೆದ್ದವರಿಗಿಂತ ಸೋತವರು ಬೇಗ ಮಂಡಿಯೂರುತ್ತಾರೆ ಎಂಬುದು ನನ್ನ ಅನುಭವ.

ನಾನು ರಾಣೆಬೆನ್ನೂರಿನ ನೂರಜಹಾನ್ ನದಾಫ. ಕಣ್ಣು ಮೊದಲಿನ ಹಾಗಿಲ್ಲವೆಂದು ಹೋದ ವರ್ಷ ಸೂಜಿ ಕೆಳಗಿಟ್ಟೆ. ನಮ್ಮ ಕಡೆಯ ಇಬ್ಬರು ಹೆಣ್ಣುಮಕ್ಕಳು ಈಗ ಅದೇ ಅಂಗಡಿಗೆ ಸೇರಿದ್ದಾರೆ. "ಆಂಟಿ, ಈ ಕೆಲಸದಾಗ ಏನೇನ್ ಇರತೈತಿ, ಒಂಚೂರು ಬರದು ಕೊಡ್ರಿ" ಎಂದು ಗಂಟುಬಿದ್ದಿದ್ದಾರೆ. ಬಡ್ತಿಯ ಕಥೆ ಬರೆಯೋಣವೆಂದರೆ ನನಗೆ ಸಿಕ್ಕ ಬಡ್ತಿ ಒಂದೇ, ಬಾಗಿಲ ಬಳಿಯ ಸ್ಟೂಲಿನಿಂದ ಕಿಟಕಿ ಪಕ್ಕದ ಕುರ್ಚಿಗೆ. ಅದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ಮೊದಲು ಕಿಲ್ಟ್ ಅಂದರೇನು ಎಂದು ಹೇಳಬೇಕು. ಸ್ಕಾಟ್‌ಲ್ಯಾಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಚೌಕಳಿ ಉಣ್ಣೆ ಬಟ್ಟೆ ಅದು. ಮುಂದೆ ಸಪಾಟು, ಹಿಂದೆ ಒತ್ತೊತ್ತಾಗಿ ನಿರಿಗೆ. ಅವರ ಅಜ್ಜಂದಿರು ಹಡಗು ಹತ್ತಿ ಈ ದೇಶಕ್ಕೆ ಬರುವಾಗ ಅದನ್ನೂ ತಂದರು. ಮೊಮ್ಮಕ್ಕಳಲ್ಲಿ ಬಹಳ ಮಂದಿ ಸ್ಕಾಟ್‌ಲ್ಯಾಂಡ್ ನೋಡಿಯೇ ಇಲ್ಲ. ಆದರೆ ಕಿಲ್ಟಿನ ಉದ್ದದ ಮಾತು ಬಂತೆಂದರೆ ಪ್ರತಿಯೊಬ್ಬನೂ ಪಂಡಿತ. ಒಬ್ಬ ಮಂಡಿಚಿಪ್ಪಿನ ಮೇಲೆ ಎನ್ನುತ್ತಾನೆ, ಇನ್ನೊಬ್ಬ ನಡುವೆ ಎನ್ನುತ್ತಾನೆ, ಮೂರನೆಯವನು ತನ್ನ ತಾತನ ಫೋಟೋ ತೋರಿಸುತ್ತಾನೆ. ಫೋಟೋದಲ್ಲಿ ತಾತ ಕುರ್ಚಿಯ ಮೇಲೆ ಕೂತಿರುತ್ತಾನೆ, ಅದರಿಂದ ಯಾವ ಉಪಯೋಗವೂ ಇಲ್ಲ.

ಉದ್ದ ಹಿಡಿಯುವ ಕ್ರಮ ಹೀಗೆ. ಗಿರಾಕಿ ನೆಲಕ್ಕೆ ಮಂಡಿಯೂರಿ ಬೆನ್ನು ನೆಟ್ಟಗೆ ಮಾಡಬೇಕು. ಟೇಪಿನ ಮೇಲಿನ ತುದಿಯನ್ನು ಹೊಕ್ಕುಳ ಮಟ್ಟಕ್ಕೆ ತಾನೇ ಹಿಡಿದುಕೊಳ್ಳಬೇಕು. ನೆಲದ ತುದಿ ನಮ್ಮದು. ಬಂದ ಅಳತೆಯಲ್ಲಿ ಒಂದು ಹೆಬ್ಬೆರಳಿನ ಅಗಲದಷ್ಟು ಕಳೆದರೆ ಎದ್ದು ನಿಂತಾಗ ಅಂಚು ಸರಿಯಾಗಿ ಮಂಡಿಚಿಪ್ಪಿನ ನಡುವೆ ಬರುತ್ತದೆ. ಅಳೆಯುವಾಗ ಗಿರಾಕಿ ಕೆಳಗೆ ನೋಡಬಾರದು. ನೋಡಿದರೆ ಬೆನ್ನು ಬಾಗಿ ಅಳತೆ ಕೆಡುತ್ತದೆ. ಆದರೆ ತನ್ನ ಮಂಡಿಯ ಬಳಿ ಒಬ್ಬ ಹೆಂಗಸು ಏನು ಮಾಡುತ್ತಿದ್ದಾಳೆಂದು ನೋಡದೆ ಇರುವ ಗಂಡಸು ಇನ್ನೂ ಹುಟ್ಟಿಲ್ಲ. ಅದಕ್ಕೇ ನಾನು ಎದುರಿನ ಗೋಡೆಯ ಮೇಲೆ ಒಂದು ಗಡಿಯಾರ ಹಾಕಿಸಿದೆ. "ಟೈಮ್ ಎಷ್ಟಾಯಿತು?" ಎಂದು ಕೇಳಿದರೆ ತಲೆ ತಾನಾಗಿ ಮೇಲಕ್ಕೆ ಹೋಗುತ್ತದೆ.

ಅಂಗಡಿಯ ಒಡತಿ ಮಿಸೆಸ್ ಮೊರಾಗ್. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗಲೇ ಮುದುಕಿ, ಈಗಲೂ ಅಷ್ಟೇ ಮುದುಕಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು. ಹೀಗಾಗಿ ಅವರ ಇಂಗ್ಲಿಷ್ ನನಗೂ ತಿಳಿಯುತ್ತಿರಲಿಲ್ಲ, ಇಂಗ್ಲಿಷಿನವರಿಗೂ ತಿಳಿಯುತ್ತಿರಲಿಲ್ಲ. ಸಂದರ್ಶನದ ದಿನ ಒಂದು ತುಂಡು ಬಟ್ಟೆ ಕೊಟ್ಟು ನಿರಿಗೆ ಹಿಡಿ ಎಂದು ಸನ್ನೆ ಮಾಡಿದರು. ಸೀರೆ ಉಟ್ಟವಳಿಗೆ ನಿರಿಗೆ ಹೊಸತೇ? ಹಿಡಿದು ತೋರಿಸಿದೆ. ಮೂಗಿನಲ್ಲಿ ಒಂದು ಸದ್ದು ಮಾಡಿದರು. ಅದೇ ಕೆಲಸದ ಆದೇಶ ಎಂದು ಮರುದಿನ ಗೊತ್ತಾಯಿತು.

ನನ್ನ ಮೊದಲ ಕಿಲ್ಟಿನ ಅವಾಂತರವನ್ನು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆಯಿಂದ ಬಂದವರೆಲ್ಲ ಇದನ್ನೇ ಮಾಡುತ್ತಾರೆ. ನಮ್ಮಲ್ಲಿ ಯಾವ ಬಟ್ಟೆ ಹೊಲಿದರೂ ಕೆಳಗೆ ಒಳಮಡಿಕೆ ಬಿಡುತ್ತೇವೆ. ಬೆಳೆಯುವ ಮಕ್ಕಳು, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿದರಾಯಿತು ಎಂದು. ನನ್ನ ತಾಯಿಯ ಕೈಯಲ್ಲಿ ಹೊಲಿಗೆ ಕಲಿತವಳು ನಾನು. ಕೈ ತಾನಾಗಿ ನಾಲ್ಕು ಬೆರಳು ಮಡಿಕೆ ಬಿಟ್ಟಿತು. ಕಿಲ್ಟಿಗೆ ಮಡಿಕೆಯೇ ಇಲ್ಲ, ನೇಯ್ದ ಅಂಚೇ ಅದರ ಕೆಳಗಿನ ಅಂಚು, ಸೀರೆಯ ಹಾಗೆ. ಒಮ್ಮೆ ಕತ್ತರಿಸಿದ ಮೇಲೆ ಉದ್ದ ಮಾಡಲೂ ಬರುವುದಿಲ್ಲ, ಗಿಡ್ಡ ಮಾಡಲೂ ಬರುವುದಿಲ್ಲ. ಮಿಸೆಸ್ ಮೊರಾಗ್ ಮಡಿಕೆ ನೋಡಿದವರೇ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಬಹಳ ಸಿಟ್ಟು ಬಂದಾಗ ಮಾತ್ರ ಹಾಗೆ ಮಾಡುತ್ತಾರೆ. ಇದು ಯಾಕೆ ಎಂದು ಕೇಳಿದರು. "ಬೆಳೆದರೆ ಬೇಕಾಗುತ್ತದಲ್ಲ" ಎಂದೆ. ಗಿರಾಕಿಯ ವಯಸ್ಸು ಎಪ್ಪತ್ತರ ಮೇಲಿತ್ತು. ಅವನು ಬೆಳೆಯುವ ದಿಕ್ಕು ಒಂದೇ, ಅದು ಅಡ್ಡಕ್ಕೆ ಎಂದರು ಆಕೆ. ಅದೊಂದು ಮಾತು ಮಾತ್ರ ಪಿನ್ನಿಲ್ಲದ ಬಾಯಿಂದ ಬಂದದ್ದರಿಂದ ಪೂರ್ತಿ ತಿಳಿಯಿತು.

ಅಡ್ಡಳತೆಯ ವಿಷಯದಲ್ಲಿ ಗಂಡಸರ ಮಾತನ್ನು ನಂಬಬೇಡಿ. ಜೀನ್ಸ್ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಎಲ್ಲೋ ಸಿಕ್ಕಿಸಿಕೊಂಡು, ಅಲ್ಲಿನ ಅಳತೆಯನ್ನು ಸೊಂಟ ಎಂದು ಹೇಳುತ್ತಾರೆ. ಕಿಲ್ಟ್ ನಿಲ್ಲುವುದು ಹೊಕ್ಕುಳ ಮಟ್ಟದಲ್ಲಿ. ಅಲ್ಲಿಗೆ ಟೇಪು ಸುತ್ತಿದ ಕೂಡಲೇ ಟೇಪೇ ಸರಿಯಿಲ್ಲ ಎಂದು ಜಗಳಕ್ಕೆ ಬರುತ್ತಾರೆ. ಮೈಸೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಆಫೀಸಿನ ಸಮಾರಂಭಕ್ಕೆಂದು ಕಿಲ್ಟ್ ಹೊಲಿಸಲು ಬಂದ. ಮಂಡಿಯೂರಲು ಒಪ್ಪಲಿಲ್ಲ. "ಆಂಟಿ, ಈಗೆಲ್ಲ ಫೋನೇ ಅಳತೆ ತಗೊಳತ್ತೆ. ಆ್ಯಪ್ ಇದೆ. ನೀವು ಇನ್ನೂ ಟೇಪ್ ಹಿಡ್ಕೊಂಡಿದೀರಲ್ಲ" ಎಂದು ನಕ್ಕ. ಫೋನಿನ ಅಳತೆಯನ್ನೇ ಕೊಟ್ಟ. ಹೊಲಿದು ಕೊಟ್ಟೆವು. ಫೋನು ನೋಡಲು ಅವನು ತಲೆ ಬಗ್ಗಿಸಿದ್ದನಲ್ಲ, ಕಿಲ್ಟ್ ಹಿಂದೆ ಮೊಳಕಾಲ ಕೆಳಗೂ ಮುಂದೆ ತೊಡೆಯ ಮೇಲಕ್ಕೂ ಹೋಯಿತು. ಹಿಂದಿನಿಂದ ನೋಡಿದವರಿಗೆ ಅವನು ಸಂನ್ಯಾಸಿ, ಮುಂದಿನಿಂದ ನೋಡಿದವರಿಗೆ ಟೆನಿಸ್ ಆಟಗಾರ. ಆಮೇಲೆ ಆ್ಯಪ್ ಅಪ್‌ಡೇಟ್ ಆಗಿದೆಯಂತೆ, ನನಗೆ ಗೊತ್ತಿಲ್ಲ.

ಹೆಣ್ಣುಮಕ್ಕಳ ಶಾಲೆಯ ಯೂನಿಫಾರ್ಮಿನಲ್ಲೂ ಇಲ್ಲಿ ಕಿಲ್ಟ್ ಇದೆ. ಅಲ್ಲಿಯ ರಾಜಕೀಯವೇ ಬೇರೆ. ತಾಯಂದಿರು ಉದ್ದ ಬೇಕೆನ್ನುತ್ತಾರೆ, ಹುಡುಗಿಯರು ಗಿಡ್ಡ ಬೇಕೆನ್ನುತ್ತಾರೆ, ಶಾಲೆಯವರು ನಿಯಮ ಬೇಕೆನ್ನುತ್ತಾರೆ. ಬೇಕಾದ ಉದ್ದಕ್ಕೆ ಕೊಡಿಸಿ, ಹುಡುಗಿ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಸೊಂಟದಲ್ಲಿ ಎರಡು ಸುತ್ತು ಸುರುಳಿ ಮಾಡಿ ಮೇಲೇರಿಸಿರುತ್ತಾಳೆ, ಸಂಜೆ ಮನೆಯ ತಿರುವಿನಲ್ಲಿ ಇಳಿಸಿರುತ್ತಾಳೆ. ನನ್ನ ಮಗಳು ಆಯೇಷಾಳೂ ಅದನ್ನೇ ಮಾಡಿದಳು. ನಾನೇ ಹೊಲಿದ ಕಿಲ್ಟಾದ್ದರಿಂದ ಸುಕ್ಕು ನೋಡಿದರೆ ನನಗೆ ಎಷ್ಟು ಸುತ್ತು ಎಂಬುದೂ ತಿಳಿಯುತ್ತಿತ್ತು. ಅವಳಿಗೆ ಹೇಳಲಿಲ್ಲ.

ಈ ಶಾಲೆಯ ಕಿಲ್ಟುಗಳು ನಮ್ಮ ಮನೆಯವರ ಪಾಲಿಗೆ ದೊಡ್ಡ ಉಪಕಾರ ಮಾಡಿದವು. ನಮ್ಮ ಮನೆಯವರು ದಾವಲಸಾಬರು, ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಒಳ್ಳೆಯ ಮನುಷ್ಯ, ನಾಲ್ಕು ಜನ ಏನೆಂದಾರು ಎಂಬ ಒಂದೇ ಕಾಯಿಲೆ. ನಾನು ಕೆಲಸಕ್ಕೆ ಸೇರಿದ ವಾರವೇ ಹೇಳಿದರು.

"ನೂರಾ, ಯಾರರ ಕೇಳಿದ್ರ ಸಾಲಿ ಯೂನಿಫಾರ್ಮ್ ಹೊಲಿತಾಳ ಅಂತ ಹೇಳ್ತೀನಿ. ನೀನೂ ಹಂಗs ಹೇಳು."

"ಯಾಕ್ರಿ? ಸುಳ್ಳ್ಯಾಕ?"

"ಮತ್ತ ಏನ್ ಹೇಳ್ಲಿ? ಗಂಡಸರ ಲಂಗಾ ಹೊಲಿತಾಳ, ಮೊಣಕಾಲ ಅಳಿತಾಳ ಅಂತ ಹೇಳ್ಲ್ಯಾ?"

ಶಾಲೆ ಶುರುವಾಗುವ ಎರಡು ವಾರ ಅದು ನಿಜವೇ ಆಗಿತ್ತು. ಉಳಿದ ಐವತ್ತು ವಾರ ಸುಳ್ಳು. ಮಸೀದಿಯ ಕಾರ್ ಪಾರ್ಕಿನಲ್ಲಿ, ಈದ್ ಊಟದಲ್ಲಿ, ರಾಣೆಬೆನ್ನೂರಿನ ಫೋನಿನಲ್ಲಿ, ಎಲ್ಲ ಕಡೆ ನಾನು ಪುಟ್ಟ ಹುಡುಗಿಯರ ಬಟ್ಟೆ ಹೊಲಿಯುವ ಬಡಪಾಯಿ. ಒಂದು ಕಿಲ್ಟಿನ ಹಿಂಬದಿಯ ನಿರಿಗೆಗಳನ್ನು ಚೌಕಳಿ ಒಂದಕ್ಕೊಂದು ಕೂಡುವ ಹಾಗೆ ಕೈಯಲ್ಲೇ ಹೊಲಿಯಲು ಎಷ್ಟು ದಿನ ಹಿಡಿಯುತ್ತದೆ, ಅದನ್ನು ಮಾಡಬಲ್ಲವರು ಇಡೀ ಊರಿನಲ್ಲಿ ಎಷ್ಟು ಜನ ಇದ್ದಾರೆ ಎಂಬುದು ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ನನ್ನ ಬೆರಳಿಗೆ ಎಣ್ಣೆ ಹಚ್ಚುತ್ತಿದ್ದವರು ಅವರೇ. ಹೊರಗೆ ಮಾತ್ರ ಬಾಯಿ ಬರುತ್ತಿರಲಿಲ್ಲ. ನನಗೆ ಬೇಸರವಾಗುತ್ತಿತ್ತು, ಬಹಳ ಬೇಸರವಾಗುತ್ತಿತ್ತು.

ಆಯೇಷಾ ಓದಿ ಫಾರ್ಮಸಿಸ್ಟ್ ಆದಳು. ಜೊತೆಯಲ್ಲಿ ಓದಿದ ಇಮ್ರಾನನನ್ನು ಮೆಚ್ಚಿದಳು. ಹುಡುಗನ ತಂದೆ ತುಮಕೂರು ಕಡೆಯವರು, ಇಲ್ಲಿಯ ಪುಕೆಕೊಹೆ ಎಂಬ ಊರಿನಲ್ಲಿ ಈರುಳ್ಳಿಯ ದೊಡ್ಡ ವ್ಯಾಪಾರ. ಹಜ್ ಮಾಡಿ ಬಂದವರಾದ್ದರಿಂದ ಎಲ್ಲರೂ ಹಾಜಿ ಸಾಹೇಬರು ಎಂದೇ ಕರೆಯುತ್ತಿದ್ದರು. ಅವರ ಹೆಂಡತಿ ಮುಮ್ತಾಜ್ ಅಕ್ಕ. ನಮ್ಮ ಉರ್ದು ಅವರಿಗೆ ನಗು, ಅವರ ಉರ್ದು ನಮಗೆ ಭಾರ, ಹೀಗಾಗಿ ಎರಡೂ ಮನೆಯವರು ಕನ್ನಡದಲ್ಲೇ ಮಾತಾಡಿದೆವು. ಮಕ್ಕಳಿಬ್ಬರೂ ಎಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು.

ಹೆಣ್ಣು ನೋಡಲು ಬಂದ ದಿನ ಮುಮ್ತಾಜ್ ಅಕ್ಕ ಕೇಳಿದರು, "ನೀವು ಎಲ್ಲಮ್ಮ ಕೆಲ್ಸ ಮಾಡೋದು?"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಉತ್ತರ ಕೊಟ್ಟರು. "ಸಾಲಿ ಯೂನಿಫಾರ್ಮ್ ರೀ. ಸಣ್ಣ ಸಣ್ಣ ಹುಡಿಗ್ಯಾರದು."

"ಒಳ್ಳೇದು, ಒಳ್ಳೇದು. ಮರ್ಯಾದಸ್ಥ ಕೆಲ್ಸ" ಎಂದರು ಹಾಜಿ ಸಾಹೇಬರು.

ಅವರು ಗಂಡಿನ ಕಡೆಯವರು ಎಂಬುದನ್ನು ಮರೆಯುವ ಮನುಷ್ಯರಲ್ಲ. ದೊಡ್ಡ ಸೋಫಾ ಅವರಿಗೆ, ಮೊದಲ ಬಟ್ಟಲು ಚಹಾ ಅವರಿಗೆ. ನಿಕಾಹ್ ದಿನ ಗೊತ್ತುಮಾಡಿ ತಿಂಗಳೊಳಗೆ ಹೇಳುತ್ತೇವೆ ಎಂದು ಎದ್ದರು. ಆಯೇಷಾ ಅಡಿಗೆಮನೆಯಲ್ಲಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು.

ಒಂದೆರಡು ವಾರ ಕಳೆದಿರಬೇಕು. ಅಂಗಡಿಯ ಬಾಗಿಲಿನ ಗಂಟೆ ಬಾರಿಸಿತು. ತಲೆಯೆತ್ತಿ ನೋಡಿದರೆ ಹಾಜಿ ಸಾಹೇಬರು! ಅವರು ನನ್ನನ್ನು ನೋಡಿದರು, ಗೋಡೆಗೆ ತೂಗುಹಾಕಿದ ಗಂಡಸರ ಕಿಲ್ಟುಗಳನ್ನು ನೋಡಿದರು, ನನ್ನ ಕೊರಳಲ್ಲಿದ್ದ ಟೇಪನ್ನು ನೋಡಿದರು. ಸಲಾಮು ಹೇಳಿದರು, ನಾನೂ ಹೇಳಿದೆ. ಅವರ ಕಣ್ಣು ಅಂಗಡಿಯಲ್ಲೆಲ್ಲ ಸಣ್ಣ ಹುಡುಗಿಯರ ಬಟ್ಟೆ ಹುಡುಕುತ್ತಿತ್ತು. ಸಿಗಲಿಲ್ಲ.

ವಿಷಯ ಇಷ್ಟು. ಪುಕೆಕೊಹೆಯ ಪೈಪ್ ಬ್ಯಾಂಡಿನವರಿಗೆ, ಅಂದರೆ ಕಿಲ್ಟ್ ಉಟ್ಟು ಚೀಲದ ಕೊಳಲು ಊದುವ ತಂಡದವರಿಗೆ, ಹೊಸ ಡ್ರಮ್ಮುಗಳನ್ನು ಇವರು ಕೊಡಿಸಿದ್ದರು. ಅದಕ್ಕೆ ಅವರು ಇವರನ್ನು ಆ ವರ್ಷದ ಪೋಷಕರನ್ನಾಗಿ ಮಾಡಿದ್ದರು. ಪೋಷಕರು ಮೆರವಣಿಗೆಯಲ್ಲಿ ಬ್ಯಾಂಡಿನ ಮುಂದೆ ಕಿಲ್ಟ್ ಉಟ್ಟು ನಡೆಯಬೇಕು. ಒಲ್ಲೆ ಎನ್ನಲು ಬಾಯಿ ಬಂದಿರಲಿಲ್ಲ, ಯಾಕೆಂದರೆ ಪತ್ರಿಕೆಯವರು ಫೋಟೋ ತೆಗೆಯುತ್ತಾರೆಂದು ಯಾರೋ ಹೇಳಿದ್ದರು. ಹೆಂಡತಿಗೆ ಇದ್ದಕ್ಕಿದ್ದಂತೆ ತೋರಿಸೋಣವೆಂದು ಒಬ್ಬರೇ ಬಂದಿದ್ದರು.

"ಇಲ್ಲಿ ಅಳತೆ ತಗೊಳೋರು ಯಾರಮ್ಮ?"

"ನಾನs ರೀ."

"ಗಂಡಸರು ಯಾರೂ ಇಲ್ವಾ?"

"ಬರ್ತಾರ್ರಿ. ಮಂಡಿ ಊರಾಕ ಬರ್ತಾರ."

ಒಳಗಿನಿಂದ ಮಿಸೆಸ್ ಮೊರಾಗ್ ಬಂದು, ಪಿನ್ನು ಕಚ್ಚಿಕೊಂಡೇ ನೆಲದ ಕಡೆ ಬೆರಳು ತೋರಿಸಿದರು. ಅವರ ಕಣ್ಣಿಗೆ ಪೊರೆ ಬಂದು ಟೇಪಿನ ಅಂಕಿ ಕಾಣುತ್ತಿರಲಿಲ್ಲ, ಆದರೆ ಬೆರಳಿನಲ್ಲಿ ಅಧಿಕಾರ ಹಾಗೇ ಇತ್ತು. ಹಾಜಿ ಸಾಹೇಬರ ಮುಖ ಕೆಂಪಾಯಿತು. "ನಾನು ಅಲ್ಲಾಹನ ಮುಂದೆ ಬಿಟ್ರೆ ಇನ್ಯಾರ ಮುಂದೇನೂ ಮಂಡಿ ಊರಿಲ್ಲಮ್ಮ. ಅದೂ ಹೆಣ್ಣಿನ ಮನೆಯೋರ ಮುಂದೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಇಲ್ಲಿ ಅವಮಾನವಾಯಿತೆಂದು ಈ ಮನುಷ್ಯ ಹೊರಗೆ ಹೋದರೆ ಮಗಳ ಮದುವೆ ಅಲ್ಲಿಗೆ ಮುಗಿಯಿತು. ಅಳತೆಯಿಲ್ಲದೆ ಅಂದಾಜಿನಲ್ಲಿ ಹೊಲಿದು ಕೊಟ್ಟರೆ ಮೆರವಣಿಗೆಯಲ್ಲಿ ಊರೆಲ್ಲ ನಗುತ್ತದೆ, ಆಗಲೂ ಮುಗಿಯಿತು.

"ನನ್ನ ಮುಂದ ಬ್ಯಾಡ್ರಿ" ಎಂದೆ. "ನೀವು ಗ್ವಾಡಿ ಕಡೆ ಮಕಾ ಮಾಡ್ರಿ. ನಾ ಹಿಂದ ದೂರ ಕುಂದರ್ತೀನಿ. ಟೇಪಿನ ಮ್ಯಾಲಿನ ತುದಿ ನೀವs ಹಿಡೀರಿ."

ಹಾಜಿ ಸಾಹೇಬರು ಬಾಗಿಲ ಕಡೆ ಒಮ್ಮೆ ನೋಡಿ, ಗೋಡೆಗೆ ಮುಖ ಮಾಡಿ ಮಂಡಿಯೂರಿದರು. ಟೈಮ್ ಎಷ್ಟೆಂದು ಕೇಳಿದೆ. ನಮಾಜಿಗೆ ಇನ್ನೂ ಹೊತ್ತಿದೆ ಎಂದರು. ಬೆನ್ನು ನೆಟ್ಟಗಾಯಿತು.

ಆಮೇಲೆ ಚೌಕಾಶಿ ಶುರು. ಈರುಳ್ಳಿ ವ್ಯಾಪಾರಿಯಲ್ಲವೇ! ಮಂಡಿ ಕಾಣಬಾರದು, ನಾಲ್ಕು ಬೆರಳು ಉದ್ದ ಬಿಡಿ ಎಂದರು. ಗಂಡಸು ಹೊಕ್ಕುಳಿಂದ ಮೊಣಕಾಲಿನವರೆಗೆ ಮುಚ್ಚಿಕೊಳ್ಳಬೇಕೆಂದು ನಮ್ಮ ಅಪ್ಪನೂ ಹೇಳುತ್ತಿದ್ದ. ಸ್ಕಾಟ್‌ಲ್ಯಾಂಡಿನವರು ಹೊಕ್ಕುಳಿಂದ ಅರ್ಧ ಮೊಣಕಾಲಿನವರೆಗೆ ಎನ್ನುತ್ತಾರೆ. ಎರಡು ಕಡೆಯ ಹಿರಿಯರಿಗೂ ಜಗಳವಿರುವುದು ಬರೀ ಅರ್ಧ ಚಿಪ್ಪಿನದ್ದು. ನಾಲ್ಕು ಬೆರಳು ಬಿಟ್ಟರೆ ಅದು ಕಿಲ್ಟ್ ಆಗುವುದಿಲ್ಲ, ಟೇಬಲ್ ಲ್ಯಾಂಪಿನ ಮೇಲಿನ ಟೊಪ್ಪಿಗೆ ಆಗುತ್ತದೆ ಎಂದು ಮಿಸೆಸ್ ಮೊರಾಗ್ ಗೊಣಗಿದರು. ನಾನು ಕೇಳಿದೆ, ಮೆರವಣಿಗೆಯಲ್ಲಿ ನಿಮ್ಮ ಪಕ್ಕ ಯಾರು ನಡೆಯುತ್ತಾರೆ ಎಂದು. ಯಾರೂ ಇಲ್ಲ, ನಾನೊಬ್ಬನೇ ಮುಂದೆ ಎಂದರು ಹೆಮ್ಮೆಯಿಂದ. ಹಾಗಾದರೆ ತೊಂದರೆಯಿಲ್ಲ. ಸಾಲಿನಲ್ಲಿ ನಡೆಯುವವರ ಅಂಚು ಒಂದೇ ಗೆರೆಯಲ್ಲಿ ಹೋಗಬೇಕು, ಒಂಟಿಯಾಗಿ ನಡೆಯುವವನ ಅಂಚನ್ನು ಹೋಲಿಸಿ ನೋಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮಂಡಿಚಿಪ್ಪಿನ ಕೆಳಗಿನ ಅಂಚಿಗೆ ಮುಗಿಸಿ, ಉಣ್ಣೆಯ ಕಾಲುಚೀಲವನ್ನು ಅಲ್ಲಿಯವರೆಗೆ ಎಳೆದರೆ ಚರ್ಮ ಕಾಣುವುದಿಲ್ಲ ಎಂದೆ. ಹೊಸ ಹುಡುಗಿಯರು ಇದನ್ನು ನೆನಪಿಟ್ಟುಕೊಳ್ಳಿ, ಉದ್ದ ಹೇಳುವ ಮೊದಲು ಪಕ್ಕದಲ್ಲಿ ಯಾರು ನಿಲ್ಲುತ್ತಾರೆಂದು ಕೇಳಬೇಕು.

ಒಪ್ಪಿದರು. ಆದರೆ ಏಳಲು ಹೋದರೆ ಮಂಡಿ ಹಿಡಿದುಕೊಂಡುಬಿಟ್ಟಿತು. ನಾನು ಕುರ್ಚಿ ತಳ್ಳಿಕೊಟ್ಟೆ. ಅದನ್ನು ಹಿಡಿದು ನರಳುತ್ತ ಎದ್ದು, ಬೆವರು ಒರೆಸಿಕೊಂಡು ಮೆಲ್ಲಗೆ ಹೇಳಿದರು, "ಬೀಗಿತ್ತಮ್ಮ, ಈ ವಿಷ್ಯ ಯಾರಿಗೂ ಬೇಡ."

"ಯಾವ ವಿಷಯಾರೀ?"

"ಇದೇ. ನಾನು ಹಿಂಗೆ... ಕೂತಿದ್ದು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮನೆಯಲ್ಲೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಆ ಕಡೆಯಿಂದ ಫೋನು ನಿಂತಿತು. ನಿಕಾಹ್ ದಿನ ಹೇಳುತ್ತೇವೆಂದ ತಿಂಗಳು ಕಳೆಯಿತು. ನಮ್ಮ ಮನೆಯವರು ತಾವೇ ಫೋನು ಮಾಡಿದರೆ "ಸ್ವಲ್ಪ ದಿನ ಹೋಗ್ಲಿ" ಎಂಬ ಉತ್ತರ. ನಮ್ಮ ಮನೆಯ ಮಾತು ಬಂದರೆ ಸಾಕು, ಅಪ್ಪ ಕೋಣೆಯಿಂದ ಎದ್ದು ಹೋಗುತ್ತಾರೆ ಎಂದು ಇಮ್ರಾನ್ ಹೇಳಿದನಂತೆ. ಆಯೇಷಾ ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. "ಅಮ್ಮಾ, ಡಿಡ್ ವಿ ಡೂ ಸಮ್‌ಥಿಂಗ್?" ಎಂದು ಒಮ್ಮೆ ಕೇಳಿದಳು. ಕಣ್ಣು ಊದಿತ್ತು.

ನಮ್ಮ ಮನೆಯವರಿಗೆ ಕಾರಣ ಆಗಲೇ ಗೊತ್ತಾಗಿತ್ತು. "ಯಾರೋ ನಿನ್ನ ಕೆಲಸದ ಸುದ್ದಿ ಅವರಿಗೆ ಮುಟ್ಟಿಸ್ಯಾರ. ಮೊದಲs ಬ್ಯಾರೆ ಕೆಲಸ ನೋಡು ಅಂದಿದ್ದೆ. ಗಂಡಸರ ಮೊಣಕಾಲಿನ್ಯಾಗ ಮಗಳ ಬಾಳೇವು ಹೋತು ನೋಡು."

ನಾನು ಹಾಜಿ ಸಾಹೇಬರ ಕಿಲ್ಟಿನ ನಿರಿಗೆ ಹೊಲಿದೆ. ಸಿಟ್ಟಿನಲ್ಲಿ ಹೊಲಿದ ನಿರಿಗೆ ಬಹಳ ಚೊಕ್ಕವಾಗಿ ಬರುತ್ತದೆ. ಕೊರಿಯರಿನಲ್ಲಿ ಕಳಿಸಿದೆ.

ಮೆರವಣಿಗೆಗೆ ಇಮ್ರಾನನೇ ನಮ್ಮನ್ನೆಲ್ಲ ಕರೆದ. ಎರಡು ಮನೆಯವರೂ ಮುಖ ನೋಡಿದರೆ ಏನಾದರೂ ಆದೀತೆಂಬ ಆಸೆ ಅವನಿಗೆ. ಪುಕೆಕೊಹೆಯ ಬೀದಿಯ ಎರಡೂ ಬದಿ ಜನ. ಯೂಟ್ ಎನ್ನುವ ತೆರೆದ ಪಿಕಪ್ ಗಾಡಿಗಳ ಹಿಂದೆ ಮಕ್ಕಳು ಹತ್ತಿ ನಿಂತಿದ್ದವು. ಡ್ರಮ್ಮು ಶುರುವಾಯಿತು. ಎಲ್ಲರ ಮುಂದೆ ಹಾಜಿ ಸಾಹೇಬರು ಗಡ್ಡ ಬಾಚಿಕೊಂಡು, ಟೋಪಿ ಹಾಕಿಕೊಂಡು, ನನ್ನ ಕಿಲ್ಟ್ ಉಟ್ಟು ನಡೆದು ಬಂದರು. ಅಂಚು ಚಿಪ್ಪಿನ ಕೆಳಗೆ ಗೀಟು ಹೊಡೆದ ಹಾಗೆ ನಿಂತಿತ್ತು. ಹೆಜ್ಜೆ ಹಾಕಿದಾಗ ಹಿಂದಿನ ನಿರಿಗೆ ಒಟ್ಟಾಗಿ ತೆರೆದು ಒಟ್ಟಾಗಿ ಮುಚ್ಚಿತು. ಹಿಂದೆ ಬರುತ್ತಿದ್ದ ಬ್ಯಾಂಡಿನವರದು ಅಂಚೆಯಲ್ಲಿ ತರಿಸಿದ ಅಗ್ಗದ ಕಿಲ್ಟುಗಳು, ಒಬ್ಬನದು ಮೇಲೆ, ಒಬ್ಬನದು ಕೆಳಗೆ. ಜನ ಚಪ್ಪಾಳೆ ತಟ್ಟಿದರು. ಮುಮ್ತಾಜ್ ಅಕ್ಕ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು. ನಗುವೋ ಹೆಮ್ಮೆಯೋ ತಿಳಿಯಲಿಲ್ಲ.

ಮುಗಿದ ಮೇಲೆ ಮೈದಾನದಲ್ಲಿ ಚಹಾ. ಬ್ಯಾಂಡಿನ ಮುಖ್ಯಸ್ಥ ಡಂಕನ್ ಎಂಬ ಕೆಂಪುಮೀಸೆಯ ದೈತ್ಯ ಬಂದು, ಹಾಜಿ ಸಾಹೇಬರ ಸುತ್ತ ಒಂದು ಸುತ್ತು ಹಾಕಿ, ಇದನ್ನು ಹೊಲಿದವರು ಯಾರು ಎಂದು ಕೇಳಿದ.

ಹಾಜಿ ಸಾಹೇಬರು ನನ್ನ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ನಮ್ಮ ಮನೆಯವರ ಬೆನ್ನು ತಟ್ಟಿ, "ಮೈ ಬೀಗರು! ಹೀ ಈಸ್ ದಿ ಮಾಸ್ಟರ್" ಎಂದುಬಿಟ್ಟರು.

ಈಗ ನಮ್ಮ ಮನೆಯವರು ನಾನಲ್ಲ ಎನ್ನಬೇಕಿತ್ತು. ಅಷ್ಟು ವರ್ಷ ಕಿಲ್ಟ್ ಎಂಬ ಶಬ್ದವನ್ನೇ ಬಾಯಿಗೆ ತಾರದವರು ಮೊದಲು ತಬ್ಬಿಬ್ಬಾದರು. ಆದರೆ ಡಂಕನ್ ಕೈ ಕುಲುಕಿದ, ಇನ್ನೂ ಮೂವರು ಬಂದು ಕೈ ಕುಲುಕಿದರು. ನೋಡುನೋಡುತ್ತಿದ್ದಂತೆ ನಮ್ಮ ಮನೆಯವರ ಎದೆ ಉಬ್ಬಿತು. ರಾತ್ರಿ ಎಣ್ಣೆ ಹಚ್ಚುವಾಗ ನಾನು ಹೇಳಿದ್ದನ್ನೆಲ್ಲ ಹೇಳತೊಡಗಿದರು! ನಿರಿಗೆ ಹೀಗಿರಬೇಕು, ಚೌಕಳಿ ಹೀಗೆ ಕೂಡಬೇಕು, ಅಂಚು ಮಡಿಸಬಾರದು. ಆಯೇಷಾ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ತುಟಿ ಬಿಗಿಯಾಯಿತು. ಆದರೂ ಸುಮ್ಮನಿದ್ದಳು, ಪಾಪ, ಅವಳ ಮದುವೆ ಅಲ್ಲಿ ಹುಲ್ಲಿನ ಮೇಲೆ ತೂಗಾಡುತ್ತಿತ್ತು.

ಹಾಗಾದರೆ ನನ್ನ ಅಳತೆಯನ್ನು ಈಗಲೇ ತೆಗೆದುಕೊಂಡುಬಿಡಿ ಎಂದ ಡಂಕನ್.

ನನ್ನ ಬ್ಯಾಗಿನಲ್ಲಿ ಟೇಪು ಯಾವಾಗಲೂ ಇರುತ್ತದೆ. ತೆಗೆದು, ಮುಖ ಗಂಭೀರ ಮಾಡಿಕೊಂಡು, ನಮ್ಮ ಮನೆಯವರ ಕೈಗೆ ಕೊಟ್ಟೆ.

ಅವರು ಟೇಪನ್ನು ಹಾವು ಹಿಡಿದ ಹಾಗೆ ಹಿಡಿದರು. ಡಂಕನ್ ನಿಂತೇ ಇದ್ದ. ಇವರು ಅವನ ಬೆಲ್ಟಿನಿಂದ ಬೂಟಿನವರೆಗೆ ಅಳೆದರು. ಕಿಲ್ಟ್ ಬೂಟಿನವರೆಗೂ ಬರುತ್ತದೆಯೇ ಎಂದು ಅವನು ಕೇಳಿದ. ಇವರು ಇನ್ನೊಮ್ಮೆ ಅಳೆದರು, ಈ ಸಲ ಕುತ್ತಿಗೆಯಿಂದ. ಹಣೆಯಲ್ಲಿ ಬೆವರು ಇಳಿಯಿತು. ನನ್ನ ಕಡೆ ನೋಡಿದರು. ಎಷ್ಟೋ ವರ್ಷ ಅವರು ಮಾತಾಡಿದಾಗ ಸುಮ್ಮನಿದ್ದವಳು, ಇವತ್ತು ಯಾಕೆ ಮಾತಾಡಲಿ?

ಅವರು ನಿಧಾನವಾಗಿ ಟೇಪನ್ನು ಸುತ್ತಿದರು.

"ನಾಟ್ ಮಿ" ಎಂದರು. ದನಿ ಸಣ್ಣಗಿತ್ತು. ಆಮೇಲೆ ಫೋರ್ಕ್‌ಲಿಫ್ಟಿನ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾದ ದೊಡ್ಡ ದನಿಯಲ್ಲಿ, "ಮೈ ವೈಫ್. ಷಿ ಮೇಕ್ಸ್. ಮೆನ್ಸ್ ಕಿಲ್ಟ್. ಆಲ್ ದೀಸ್ ಇಯರ್ಸ್!" ಎಂದು ನನ್ನ ಕಡೆ ಕೈ ತೋರಿಸಿದರು. ಹಾಜಿ ಸಾಹೇಬರ ಕಡೆ ತಿರುಗಿ, "ಸಾಲಿ ಯೂನಿಫಾರ್ಮ್ ಅಂದಿದ್ದು ಸುಳ್ಳರಿ ಬೀಗರ. ಮಗಳ ಲಗ್ನಾ ಬಿಡ್ತೀರಿ ಅಂದ್ರ ಬಿಡ್ರಿ. ನನಗ ಇನ್ನ ಸುಳ್ಳ ಹೇಳಾಕ ಆಗಂಗಿಲ್ಲ" ಎಂದರು.

ಡಂಕನನಿಗೆ ಇದ್ಯಾವುದೂ ತಿಳಿಯಲಿಲ್ಲ. ನನ್ನ ಕಡೆ ತಿರುಗಿದ. ನಾನು ನೆಲ ತೋರಿಸಿದೆ. ಆ ದೈತ್ಯ ಎಲ್ಲರ ಎದುರಿಗೆ ಹುಲ್ಲಿನ ಮೇಲೆ ಧೊಪ್ಪೆಂದು ಮಂಡಿಯೂರಿದ. ನಮ್ಮದೂ ಆಗಲಿ ಎಂದು ಅವನ ಹಿಂದೆ ಮೂವರು ಊರಿದರು. ಅವರಿಗೆ ಅದು ನಾಚಿಕೆಯ ವಿಷಯವೇ ಅಲ್ಲ.

ಮುಮ್ತಾಜ್ ಅಕ್ಕ ಮಂಡಿಯೂರಿದವರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಏನ್ರೀ, ನಿಮ್ ಅಳತೇನೂ ಇವ್ರೇ ತಗೊಂಡಿದ್ದಾ?"

ಹಾಜಿ ಸಾಹೇಬರು ಆಕಾಶ ನೋಡಿದರು.

"ನೀವೂ ಹಿಂಗೇ ಮಂಡಿ ಊರಿದ್ರಾ?"

"ಗೋಡೆ ಕಡೆಗೆ" ಎಂದರು ಹಾಜಿ ಸಾಹೇಬರು, ಬಹಳ ಸಣ್ಣ ದನಿಯಲ್ಲಿ.

"ಅದಕ್ಕೇನಾ ಈ ಮನೆ ಹೆಸ್ರು ಎತ್ತಿದ್ರೆ ಎದ್ದೋಗ್ತಿದ್ದಿದ್ದು? ನಾನೆಲ್ಲೋ ಹುಡುಗೀಲಿ ಏನೋ ಕುಂದು ಇದೆ ಅನ್ಕೊಂಡಿದ್ದೆ!" ಮುಮ್ತಾಜ್ ಅಕ್ಕ ನಕ್ಕ ನಗುವಿಗೆ ಡ್ರಮ್ಮಿನವನೂ ತಿರುಗಿ ನೋಡಿದ. ಕಣ್ಣೊರೆಸಿಕೊಳ್ಳುತ್ತ ಬಂದು ನನ್ನ ಕೈ ಹಿಡಿದುಕೊಂಡರು. "ಮದ್ವೆ ಆದಾಗಿಂದ ನೋಡ್ತಿದೀನಿ ತಾಯಿ, ಈ ಮನುಷ್ಯ ಯಾರಿಗೂ ಬಗ್ಗಿಲ್ಲ. ನೀವು ಹೆಂಗೆ ಬಗ್ಗಿಸಿದ್ರಿ ಅಂತ ನಂಗೂ ಹೇಳ್ಕೊಡಿ. ಇಮ್ರಾನ್, ನಾಳೇನೇ ದಿನ ನೋಡ್ಸು. ಹುಡುಗಿ ಇದೇ ಮನೇದು ಬೇಕು."

ಆಯೇಷಾ ಅತ್ತಳು, ನಾನೂ ಅತ್ತೆ. ಡಂಕನ್ ಪಾಪ ಮಂಡಿಯೂರಿಕೊಂಡೇ ಇದ್ದ, ಅವನನ್ನು ಮರೆತೇಬಿಟ್ಟಿದ್ದೆವು.

ನಿಕಾಹ್ ಚೆನ್ನಾಗಿ ಆಯಿತು. ಊಟದ ಹೊತ್ತಿನಲ್ಲಿ ರಿಕ್ಕರ್ಟನ್ ಎಂಬ ಊರಿನಿಂದ ಬಂದ ಹಾಜಿ ಸಾಹೇಬರ ಬಳಗದ ಹಿರಿಯರೊಬ್ಬರು ನಮ್ಮ ಮನೆಯವರ ಪಕ್ಕ ಕೂತು, ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ನಾನು ಎರಡು ಮೇಜು ಆಚೆ ಇದ್ದೆ. ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ನಮ್ಮಾಕಿ ಕಿಲ್ಟ್ ಹೊಲಿತಾಳ್ರಿ" ಎಂದರು ನಮ್ಮ ಮನೆಯವರು, ಇಡೀ ಹಾಲಿಗೆ ಕೇಳುವ ಹಾಗೆ. "ಗಂಡಸರದು. ಎಂಥಾ ದೊಡ್ಡಮನಶ್ಯಾ ಇದ್ರೂ ಆಕಿ ಮುಂದ ಮಂಡಿ ಊರಬೇಕು. ಬಾಳ ಚಲೋ ಹೊಲಿತಾಳ್ರಿ."

ಆಮೇಲೆ ಎರಡು ಮೇಜು ದಾಟಿ ನನ್ನ ಕಡೆ ನೋಡಿ, "ಹೌದಲ್ಲೇನ ನೂರಾ?" ಎಂದು ಕೇಳಿದರು.

ಹೌದ್ರಿ ಎಂದೆ.